ಕಾಗೆಗೆ ಕೊಟ್ಟ ಮಾತು

ಅಮ್ಮನ ಹತ್ತನೆಯ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಹೆಂಗಸರು ಹೊಳೆಗೆ ಬರುವುದು ಬೇಡ ಎಂದಿದ್ದರು. ಬೇಡ ಎಂದ ಕಡೆಗೇ ಹೋಗುವ ಜಾತಿ ನನ್ನದು. ಅಮ್ಮನ ತವರೂರು ಮೆಣಸೆಯ ಕೆಳಗೆ, ತುಂಗೆಯ ಕಲ್ಲುಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ತಮ್ಮ ಶ್ರೀನಿಧಿ ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ. ಎದುರಿನ ಅತ್ತಿಮರದಲ್ಲಿ ಆರು ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

"ನಿಮ್ಮಮ್ಮ ಶಾರದಾಂಬನಿಗೆ ಎಂತದೋ ಆಸೆ ಉಳಿದಿದೆ ಮಾರಾಯ," ಎಂದರು ಪುರೋಹಿತರಾದ ಸೀತಾರಾಮ ಭಟ್ಟರು. "ಅದನ್ನ ನಡೆಸಿಕೊಡ್ತೇವೆ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಮುಟ್ತದೆ."

ಎಂತ ಆಸೆಯೆಂದು ನನಗೆ ಗೊತ್ತಿದೆ ಎಂದುಕೊಂಡೆ. ಅಮ್ಮನಿಗೆ ಕ್ಯಾನ್ಸರ್. ಕೊಪ್ಪದ ನಮ್ಮ ಬಾಡಿಗೆ ಮನೆಯಲ್ಲಿ ಒಂದೂವರೆ ವರ್ಷ ಅವಳನ್ನು ನೋಡಿಕೊಂಡವನು ಶ್ರೀನಿಧಿಯೇ. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ಸಂಜೆ ಬರುವವಳು. ಮಧ್ಯಾಹ್ನ ನೋವು ಹೆಚ್ಚಾದಾಗ 'ನಿಧೀ, ಮಾತ್ರೆ' ಎಂದು ಅಮ್ಮ ಕರೆಯುತ್ತಿದ್ದಳು. ಅವಳಿಗೊಂದು ಕೊಡುತ್ತ ಕೊಡುತ್ತ, ಆ ಕೂಗು ತಡೆಯಲಾರದೆ ತಾನೂ ಒಂದು ನುಂಗತೊಡಗಿದ. ಕೊನೆಗೆ ಅವಳ ಪಾಲಿಗಿಂತ ಅವನ ಪಾಲೇ ಹೆಚ್ಚಾಯಿತು. ತಿಳಿದಾಗ ನಾನು ರೇಗಿದೆ, ಅತ್ತು ಕರೆದೆ, ಶಿವಮೊಗ್ಗದ ಮನೋವೈದ್ಯರಲ್ಲಿಗೆ ಎಳೆದುಕೊಂಡು ಹೋದೆ. "ಚಟ ಒಂದೇ ಅಲ್ಲ, ಖಿನ್ನತೆಯೂ ಇದೆ. ಎರಡಕ್ಕೂ ಒಟ್ಟಿಗೇ ಮದ್ದು ಮಾಡಬೇಕು" ಎಂದ ಅವರು ನೋವಿನ ಮಾತ್ರೆಯನ್ನು ಹಂತಹಂತವಾಗಿ ಬಿಡಿಸಿ, ದಿನಕ್ಕೊಂದು ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟಿದ್ದರು. "ನಾನು ಹೇಳದೆ ಇದನ್ನು ನಿಲ್ಲಿಸಬೇಡಿ" ಎಂದು ಎರಡೆರಡು ಸಲ ಹೇಳಿದ್ದರು.

ಅದೆಲ್ಲ ಹೊಳೆಯ ಹತ್ತಿರ ಎಲ್ಲಿ ನೆನಪಾಗಬೇಕು? ಮೆಟ್ಟಿಲಿಂದಲೇ ಕೂಗಿದೆ: "ನಿಧಿ, ಇನ್ನು ಒಂದು ಮಾತ್ರೇನೂ ಬಾಯಿಗೆ ಹಾಕೋದಿಲ್ಲ ಅಂತ ಅಮ್ಮಂಗೆ ಹೇಳು!"

ಅವನು ನನ್ನ ಮುಖ ನೋಡಿದ. ಆಮೇಲೆ ಕೈಮುಗಿದು ಹಾಗೇ ಹೇಳಿದ. ಕಾಗೆಯೊಂದು ತಟ್ಟನೆ ಇಳಿದು ಪಿಂಡ ಕುಕ್ಕಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಮ್ಮ ಸತ್ತದ್ದನ್ನೂ ಒಂದು ಗಳಿಗೆ ಮರೆತೆ.

ಮೊದಲ ಹದಿನೈದು ದಿನ ನಿಧಿ ತನ್ನ ಮಿಕ್ಸಿ ರಿಪೇರಿ ಅಂಗಡಿಗೆ ಹೋದ. ಆಮೇಲೆ ಅಂಗಡಿ ಬಿಟ್ಟ, ಸ್ನಾನ ಬಿಟ್ಟ. ಊಟಕ್ಕೆ ಕರೆದರೆ ತಟ್ಟೆ ನೋಡುತ್ತ ಕೂರುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕ, ಅಮ್ಮ ಕರೀತಿದ್ದಾಳೆ. ಕೇಳ್ತಿಲ್ವಾ?" ಎಂದ.

ಒಳಗೆ ಸುತ್ತಿಟ್ಟ ಹಾಸಿಗೆ ಬಿಟ್ಟರೆ ಏನೂ ಇರಲಿಲ್ಲ.

"ಎಂತ ಅಂತಾಳೆ?"

"ಮಾತ್ರೆ ಬೇಡ, ನೀನೇ ಬಾ ಅಂತಾಳೆ."

ಅವನ ಪೆಟ್ಟಿಗೆ ಜಾಲಾಡಿದೆ. ನೋವಿನ ಮಾತ್ರೆ ಒಂದೂ ಸಿಗಲಿಲ್ಲ. ಡಾಕ್ಟರು ಕೊಟ್ಟ ಬಿಳಿ ಮಾತ್ರೆಗಳು ಮಾತ್ರ, ಹತ್ತನೆಯ ದಿನದಿಂದ ಒಂದೂ ತೆಗೆಯದೆ, ಹಾಗೇ ಇದ್ದವು.

"ಇದನ್ನ ಯಾಕೆ ಬಿಟ್ಟೆ ಮಾರಾಯ?"

"ಒಂದೂ ಇಲ್ಲ ಅಂತ ನೀನೇ ಹೇಳಿಸಿದ್ದಲ್ವಾ? ಕಾಗೆ ಮುಟ್ಟಿದೆ ಅಕ್ಕ. ಹೇಗೆ ತಪ್ಪಲಿ?"

ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತೇ ಮತ್ತೆ ಶುರು ಮಾಡಿಸಿ, ಒಬ್ಬನನ್ನೇ ಬಿಡಬೇಡಿ, ನಾಳೆ ಬೆಳಿಗ್ಗೆ ಕರೆತನ್ನಿ ಎಂದರು. ಇವನು ಮಾತ್ರೆಗೆ ಬಾಯಿ ತೆರೆಯಲಿಲ್ಲ. ಬುದ್ಧಿ ಹೇಳಿದೆ, ಬೈದೆ, ಕಾಲು ಹಿಡಿದೆ. "ಅಮ್ಮ ಹೇಳಲಿ," ಎಂದ.

ಸರಿ, ಅಮ್ಮನೇ ಹೇಳಲಿ. ಅನ್ನಕ್ಕೆ ಮೊಸರು ಕಲಸಿ, ಬಾಳೆಲೆಯಲ್ಲಿ ಹಾಕಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟೆ. "ಅಮ್ಮಾ, ತಪ್ಪು ಹೇಳಿಸಿದವಳು ನಾನು. ಅವನ ಮಾತು ವಾಪಸ್ ಕೊಡು," ಎಂದೆ. ಇಬ್ಬರೂ ಹಿಂಬಾಗಿಲ ಮೆಟ್ಟಿಲಲ್ಲಿ ಕೂತೆವು. ಕಾಗೆಯೊಂದು ಕರೆಂಟ್ ತಂತಿಯ ಮೇಲೆ ಕೂತು ಅನ್ನ ನೋಡಿತು, ನಮ್ಮನ್ನು ನೋಡಿತು. ಗಂಟೆಯಾದರೂ ಇಳಿಯಲಿಲ್ಲ.

"ಕೊಡೋದಿಲ್ಲ ಅವಳು," ಎಂದ ನಿಧಿ. ಅವನ ದನಿಯಲ್ಲಿದ್ದ ನಿರಾಳಕ್ಕೆ ನಾನು ಹೆದರಿಹೋದೆ.

ಆಮೇಲೆ ಸಿಟ್ಟು ನೆತ್ತಿಗೇರಿತು. ಹೆತ್ತವಳಾದರೇನು, ಒಂದು ಲೆಕ್ಕ ಬೇಡವೇ? ಎದ್ದು ಹೋಗಿ ಎಲೆಯ ಮುಂದೆ ಕೂತೆ. ಸತ್ತವರಿಗಿಟ್ಟ ಅನ್ನವನ್ನು ಬದುಕಿದವರು ಮುಟ್ಟಬಾರದು. ನಾನು ತುತ್ತಿನ ಮೇಲೆ ತುತ್ತು ತಿಂದೆ, ಎಲೆ ಬರಿದಾಗುವವರೆಗೆ.

"ಅಕ್ಕಾ, ಎಂತ ಮಾಡ್ತಿದ್ದೀ!" ಅವನು ಓಡಿ ಬಂದ. ಎಷ್ಟೋ ದಿನಗಳ ಮೇಲೆ ಅವನ ಕಣ್ಣಲ್ಲಿ ಹೆದರಿಕೆ ಕಂಡೆ. ನನ್ನ ಬಗ್ಗೆ.

"ಕಾಗೆ ಪಾಲು ನಾನು ತಿಂದಾಯ್ತು. ಆ ಮಾತು ಈಗ ನಂದು, ನಿಂದಲ್ಲ. ಅಮ್ಮ ಕೇಳೋದಿದ್ರೆ ನನ್ನನ್ನ ಕೇಳ್ಲಿ. ಕೈ ಒಡ್ಡು."

ತೀರ್ಥಕ್ಕೆ ಒಡ್ಡುವ ಹಾಗೆ ಒಡ್ಡಿದ. ಬಿಳಿ ಮಾತ್ರೆ ಹಾಕಿದೆ. ನುಂಗಿದ.

ಎಂಟು ತಿಂಗಳಾಯಿತು. ನಡುವೆ ಒಮ್ಮೆ ನೋವಿನ ಮಾತ್ರೆಗೆ ಜಾರಿದ, ತಾನೇ ಬಂದು ಹೇಳಿದ, ಮತ್ತೆ ಶಿವಮೊಗ್ಗಕ್ಕೆ ಹೋಗಿಬಂದೆವು. ಅಂಗಡಿ ತೆರೆದಿದ್ದಾನೆ. ಕೋಣೆಯಿಂದ ಅವನಿಗೆ ಏನೂ ಕೇಳುವುದಿಲ್ಲವಂತೆ.

ಶಾಲೆಗೆ ರಜೆಯಿರುವ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಆಗ ಸುತ್ತಿಟ್ಟ ಹಾಸಿಗೆಯ ಕಡೆಯಿಂದ ಅಮ್ಮ ಕರೆಯುತ್ತಾಳೆ. ಈಗ ನಿಧಿ ಎನ್ನುವುದಿಲ್ಲ. ಭಾರ್ಗವೀ ಎಂದು ನನ್ನ ಹೆಸರು ಹಿಡಿದೇ ಕರೆಯುತ್ತಾಳೆ. ತಿಂಗಳುಗಟ್ಟಲೆ ಬಾಯಿಮುಚ್ಚಿಕೊಂಡಿದ್ದೆ. ಇವತ್ತು ನಿಧಿಗೆ ಹೇಳಿದೆ.

ಅವನು ಅಂಗಡಿಗೆ ಬೀಗ ಹಾಕಿ ಬಂದು, ನನ್ನ ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟ.

"ನಡಿ ಅಕ್ಕ," ಎಂದ. "ಶಿವಮೊಗ್ಗದ ಬಸ್ಸಿಗೆ ಹೊತ್ತಾಯ್ತು."