ಎಂಬೊಂಗನ ಹೆಸರಿನ ಹೂವು

ಟೆರೆಂಗಾನು ಕಾಡಿನಲ್ಲಿ ದಾರಿ ತೋರಿಸುವ ಕೆಲಸಕ್ಕೆ ಎಂಬೊಂಗನನ್ನು ತನ್ನ ಜೊತೆ ಸೇರಿಸಿಕೊಂಡವನೇ ಜುಸೋ. ಈಗ ನೋಡಿದರೆ, ಉಗುರಿನಷ್ಟು ಹೂವೊಂದಕ್ಕೆ ಗಿಡಗಳ ಸಂಶೋಧನೆಗೆ ಬಂದಿದ್ದ ಮೇಡಂ ಇಟ್ಟದ್ದು ಎಂಬೊಂಗನ ಹೆಸರು! ಜುಸೋನ ಹೊಟ್ಟೆಗೆ ಬೆಂಕಿ ಬಿತ್ತು.

"ಎಲೆ ಇಲ್ಲ, ಹಸಿರಿಲ್ಲ, ಮಣ್ಣೊಳಗಿನ ಅಣಬೆ ತಿಂದು ಬದುಕುತ್ತಂತೆ. ಪುಕ್ಕಟೆ ತಿನ್ನೋದಕ್ಕೆ ನಿನ್ನ ಹೆಸರೇ ಸರಿ ಬಿಡೋ," ಎಂದು ಚಹಾದಂಗಡಿಯಲ್ಲಿ ಎಂಬೊಂಗನನ್ನು ಕೆಣಕಿದ.

"ನೀನು ಕೂತು ಅನ್ನ ಉಂಡೆಯಲ್ಲ ಅಣ್ಣ, ಆ ಜಾಗದ ಪಕ್ಕದಲ್ಲೇ ಸಿಕ್ಕಿದ್ದು. ಸ್ವಲ್ಪ ಬಗ್ಗಿ ನೋಡಿದ್ದಿದ್ರೆ ಅದಕ್ಕೆ ನಿಂದೇ ಹೆಸರು!"

ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು.

ಮರುದಿನದಿಂದ ಜುಸೋ ಒಬ್ಬನೇ ಕಾಡಿಗೆ ಹೋಗಿ, ಮಂಡಿಯೂರಿ ತರಗೆಲೆ ಸರಿಸತೊಡಗಿದ. ನಾಲ್ಕನೆಯ ದಿನ ಮರದ ಬುಡದಲ್ಲಿ ಪುಟ್ಟ ಲಾಟೀನಿನಂಥ ಹೂವು ಕಂಡಿತು. ಎಂಬೊಂಗನದು ಹಳದಿ, ಇದು ನೀಲಿ. ಇಂಥದ್ದನ್ನು ಅವನೆಂದೂ ಕಂಡಿರಲಿಲ್ಲ. ಎರಡು ದಿನದಲ್ಲಿ ಕೊಳೆತುಹೋಗುವ ಹೂವು, ಮೇಡಮ್ಮಿಗೆ ಈಗಲೇ ಹೇಳಬೇಕು. ಆದರೆ ಅವರ ಫೋನ್ ನಂಬರು ಇದ್ದದ್ದು ಎಂಬೊಂಗನ ಹತ್ತಿರ ಮಾತ್ರ.

ಅವನನ್ನು ಕೇಳುವುದೇ? ಜುಸೋ ತರಗೆಲೆಗಳನ್ನು ಒಂದೊಂದಾಗಿ ಮೊದಲಿದ್ದಂತೆಯೇ ಮುಚ್ಚಿದ.

"ಏನಾದ್ರೂ ಸಿಕ್ತಾ ಅಣ್ಣ?" ಸಂಜೆ ಎಂಬೊಂಗ್ ಕೇಳಿದ.

"ಸಿಕ್ತು, ಜಿಗಣೆ," ಎಂದ ಜುಸೋ, ಕಾಲು ತುರಿಸಿಕೊಳ್ಳುತ್ತ.