ಏಳು ಮಿಲಿಮೀಟರ್

2008ರ ಮಾರ್ಚ್ ಕೊನೆಯಲ್ಲಿ ರಾಜಾಜಿನಗರದ ಒಂದು ವಾಲ್ವ್ ಕಾರ್ಖಾನೆ ಬಾಗಿಲು ಮುಚ್ಚುವುದು ಖಚಿತವಾಯಿತು. ಕೊನೆಯ ಗ್ರೂಪ್ ಫೋಟೋ ತೆಗೆಯಲು ಲಕ್ಷ್ಮೀಪತಿಯನ್ನೇ ಕರೆದರು. ಇಪ್ಪತ್ತಾರು ವರ್ಷದಿಂದ ಅಲ್ಲಿನ ಫೋಟೋಗಳನ್ನೆಲ್ಲ ಅವನೇ ತೆಗೆದಿದ್ದ. ಈ ಸಲ ಮ್ಯಾನೇಜರು ಫಿಲ್ಮ್ ಬೇಡ, ಸಿ.ಡಿ. ಬೇಕು ಎಂದಿದ್ದರು. ಹಾಗಾಗಿ ಕ್ಯಾಮೆರಾ ಏಜೆನ್ಸಿಯ ವೀರೇಶ ಒಂದು ಡಿಜಿಟಲ್ ಬ್ಯಾಕ್ ತಂದಿದ್ದ. ಲಕ್ಷ್ಮೀಪತಿಯ ಹಳೆಯ ಕ್ಯಾಮೆರಾದಲ್ಲಿ ಫಿಲ್ಮಿನ ಡಬ್ಬಿ ಕಳಚಿ ಅದನ್ನು ಸಿಕ್ಕಿಸಿದರಾಯಿತು.

ಅಂಗಳದಲ್ಲಿ ನಲವತ್ತೊಂದು ಜನ ಹಬ್ಬದ ಬಟ್ಟೆ ತೊಟ್ಟು ನಿಂತಿದ್ದರು. ಲಕ್ಷ್ಮೀಪತಿ ಎಂದಿನಂತೆ ಕಾಂಪೌಂಡ್ ಗೋಡೆಗೆ ಬೆನ್ನು ತಾಗಿಸಿ ಸ್ಟ್ಯಾಂಡ್ ಊರಿದ. ಮೊದಲ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎರಡೂ ತುದಿಯವರು ಇರಲಿಲ್ಲ.

"ಫಿಲ್ಮ್ ಐವತ್ತಾರು ಮಿಲಿಮೀಟರ್ ಅಗಲ ಸಾರ್, ಇದ್ರಲ್ಲಿ ಚಿತ್ರ ಹಿಡಿಯೋ ಸೆನ್ಸರ್ ನಲವತ್ತೊಂಬತ್ತೇ," ಎಂದ ವೀರೇಶ. "ಸ್ವಲ್ಪ ಹಿಂದೆ ಹೋದ್ರೆ ಎಲ್ಲರೂ ಬರ್ತಾರೆ."

"ಹಿಂದೆ ಗೋಡೆ ಇದೆಯಲ್ಲಪ್ಪಾ."

ಇನ್ನೊಂದು ಸಾಲು ಮಾಡೋಣವೆಂದರೆ ಇದ್ದದ್ದು ಎರಡೇ ಬೆಂಚು. ನೆಲದ ತುಂಬ ಎಣ್ಣೆ, ಯಾರನ್ನೂ ಕೂರಿಸುವಂತಿರಲಿಲ್ಲ. ಎಷ್ಟು ಒತ್ತೊತ್ತಾಗಿ ನಿಲ್ಲಿಸಿದರೂ ಪ್ಯಾಕಿಂಗ್ ವಿಭಾಗದ ಕಲ್ಯಾಣಮ್ಮ ಮಾತ್ರ ಚಿತ್ರದೊಳಗೆ ಬರಲಿಲ್ಲ. ಅವಳು ತಾನಾಗಿಯೇ ಸಾಲು ಬಿಟ್ಟು ಪಕ್ಕಕ್ಕೆ ಬಂದಳು.

"ನನ್ನ ಬಿಟ್ಟು ತೆಗೀರಿ ಸಾರ್. ಎಲ್ಲರನ್ನೂ ಬಿಸಿಲಲ್ಲಿ ಯಾಕೆ ನಿಲ್ಲಿಸ್ತೀರಾ."

"ಎರಡು ಚಿತ್ರ ತೆಗೆದು ಆಮೇಲೆ ನೀವು ಕಂಪ್ಯೂಟರಲ್ಲಿ ಜೋಡಿಸಬಹುದು ಸಾರ್," ಎಂದ ವೀರೇಶ.

"ನಂಗೆ ಬರಲ್ಲ ವೀರೇಶ್. ಈ ವಯಸ್ಸಲ್ಲಿ ಕಲಿಯೋ ಶಕ್ತೀನೂ ಇಲ್ಲ."

ಬಣ್ಣದ ರೋಲ್ ತೊಳೆಯುತ್ತಿದ್ದ ವಿಜಯನಗರದ ಲ್ಯಾಬ್ ಮುಚ್ಚಿ ಆರು ತಿಂಗಳಾಗಿತ್ತು. ಮನೆಯಲ್ಲೇ ತೊಳೆಯಬಹುದಾದ ಒಂದು ಕಪ್ಪು-ಬಿಳುಪು ರೋಲ್ ಬ್ಯಾಗಿನಲ್ಲಿತ್ತು. ಲಕ್ಷ್ಮೀಪತಿ ಡಿಜಿಟಲ್ ಬ್ಯಾಕ್ ಕಳಚಿ ವೀರೇಶನ ಕೈಗಿಟ್ಟು, ಆ ರೋಲನ್ನು ಕ್ಯಾಮೆರಾಕ್ಕೆ ಹಾಕಿದ.

"ಕಲ್ಯಾಣಮ್ಮಾ, ಹೋಗಿ ನಿಂತ್ಕೊಳ್ಳಿ."

ರೋಲ್ ಮುಗಿಯುವವರೆಗೆ ಹನ್ನೆರಡು ಸಲ ಕ್ಲಿಕ್ಕಿಸಿದ. ಜನ ಚದುರಿದ ಮೇಲೆ ವೀರೇಶ ಕೇಬಲ್ ಸುತ್ತುತ್ತ ಹೇಳಿದ, "ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಬರುತ್ತೆ ಅಂತಿದಾರೆ ಸಾರ್. ಒಂದೆರಡು ವರ್ಷ ಕಾಯಿರಿ."

"ಬರಬಹುದು. ಅಷ್ಟೊತ್ತಿಗೆ ನನ್ನ ಕರೆಯೋ ಕಾರ್ಖಾನೆ ಯಾವುದಿರುತ್ತೆ?"

ವೀರೇಶ ಪೆಟ್ಟಿಗೆ ಮುಚ್ಚಿ ಅದರ ಮೇಲೆಯೇ ಕುಳಿತ. "ನಿಜ ಹೇಳ್ಬೇಕಂದ್ರೆ, ಮೂರು ವರ್ಷದಿಂದ ಎಲ್ಲರಿಗೂ ಇದೇ ಮಾತು ಹೇಳ್ತಾ ಇದೀನಿ ಸಾರ್."

ಕಪ್ಪು-ಬಿಳುಪು ಚಿತ್ರವನ್ನು ಮ್ಯಾನೇಜರು ಒಪ್ಪಲಿಲ್ಲ. ಹೆಡ್ ಆಫೀಸಿಗೆ ಕಲರೇ ಬೇಕೆಂದು ತುದಿ ಕತ್ತರಿಸಿಹೋದ ಮೊದಲ ಚಿತ್ರದ ಸಿ.ಡಿ.ಯನ್ನೇ ತೆಗೆದುಕೊಂಡರು. ಲಕ್ಷ್ಮೀಪತಿ ವಾದಿಸಲಿಲ್ಲ. ಆದರೂ ಒಂದು ದೊಡ್ಡ ಪ್ರಿಂಟ್ ಹಾಕಿ, ಕಾರ್ಖಾನೆ ಮುಚ್ಚಿ ತಿಂಗಳಾದ ಮೇಲೆ ಒಂದು ಭಾನುವಾರ ಬಸ್ ಹತ್ತಿ ಹೆಗ್ಗನಹಳ್ಳಿಗೆ ಹೋದ. ಕಲ್ಯಾಣಮ್ಮನ ಮನೆ ಎರಡನೇ ಮಹಡಿಯಲ್ಲಿತ್ತು. ಹತ್ತುವಷ್ಟರಲ್ಲಿ ಅವನಿಗೆ ಏದುಸಿರು ಬಂದಿತ್ತು.

ಅವಳು ಚಿತ್ರವನ್ನು ಮಂಚದ ಮೇಲೆ ಹರವಿದಳು. ತುದಿಯಲ್ಲಿದ್ದ ತನ್ನನ್ನು ಒಮ್ಮೆ ನೋಡಿ, ಬೆರಳನ್ನು ಆಚೆಯ ತುದಿಗೆ ಒಯ್ದಳು.

"ಇವ್ರು ಬೆಟ್ಟಯ್ಯ. ಮಗಳ ಮನೆಗೆ ಹೋಗಿಬಿಟ್ರು. ಇವಳು ದಾನಮ್ಮ, ಗಾರ್ಮೆಂಟ್ಸ್‌ಗೆ ಸೇರಿದಾಳೆ. ಇವ್ರು ಮುನಿಯಣ್ಣ, ಇನ್ನೂ ಏನೂ ಸಿಕ್ಕಿಲ್ಲ."

ಲಕ್ಷ್ಮೀಪತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದ. ಇಷ್ಟು ವರ್ಷ ತಾನೇ ನಿಲ್ಲಿಸಿದ್ದ ಮುಖಗಳು, ಹೆಸರು ತಿಳಿಯುತ್ತಿದ್ದದ್ದು ಇಂದೇ. ನಡುಸಾಲಿನಲ್ಲಿ ಅವಳ ಬೆರಳು ನಿಂತಿತು.

"ಇವ್ರ ಹೆಸರು ಮರೆತುಹೋಯ್ತಲ್ಲ ಸಾರ್."

ಅವಳು ಬಗ್ಗಿ ಆ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಬೆರಳನ್ನು ಪಕ್ಕದವರ ಮೇಲೆ ಇಟ್ಟಳು.