ಉಬ್ಬಿದ ಬ್ಯಾಟರಿ

ಬೆನ್ನಿನ ತಿರುಪುಗಳನ್ನೆಲ್ಲ ಬಿಚ್ಚಿದ ಮೇಲೂ ಜಾಯ್‌ಸ್ಟಿಕ್ ಬಾಯಿ ಬಿಡಲಿಲ್ಲ. ಆಗಲೇ ನಾನು ಹೆದರಬೇಕಿತ್ತು.

ನನ್ನ ಗಂಡ ತಾಲಾಯ್ ನಮ್ಮದೇ ಕಟ್ಟಡದ ನೆಲಮಾಳಿಗೆಯಲ್ಲಿ ವಿಡಿಯೊ ಗೇಮ್ ಕ್ಲಬ್ ನಡೆಸುತ್ತಾನೆ. ಕೆಟ್ಟ ಜಾಯ್‌ಸ್ಟಿಕ್‌ಗಳೆಲ್ಲ ನಾಲ್ಕನೇ ಮಹಡಿಗೆ, ನನ್ನ ಅಡುಗೆಮನೆಯ ಮೇಜಿಗೆ ಬರುತ್ತವೆ. ಗುಂಡಿಗಳ ಸಂದಿಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ, ಉಪ್ಪು, ಬೆವರಿನ ಕರಿ ಮಡ್ಡಿ. ಸ್ಪಿರಿಟ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ.

ನಮ್ಮ ಬೆಟ್ಟದೂರು ನರಿನ್‌ನ ಜನವರಿ, ಹೊರಗೆ ಕೊರೆಯುವ ಚಳಿ. ಮನೆಯಲ್ಲಿ ಅಡುಗೆಮನೆಯೊಂದೇ ಬೆಚ್ಚಗಿತ್ತು. ಹಾಗಾಗಿ ನೆಲದ ಮೇಲಿಡುವ ಮರದ ತೊಟ್ಟಿಲೂ ಅಲ್ಲೇ, ಕಿಟಕಿಯ ಕೆಳಗೆ. ನಾಲ್ಕು ತಿಂಗಳ ನನ್ನ ಮಗ ಎರ್ಲಾನ್‌ನ ಕೈಕಾಲುಗಳನ್ನು, ನಮ್ಮ ಕಡೆಯ ಪದ್ಧತಿಯಂತೆ, ಅಗಲ ಪಟ್ಟಿಗಳಿಂದ ಬಿಗಿದು, ತೊಟ್ಟಿಲಿನ ಅಡ್ಡಕೋಲಿನ ಮೇಲಿಂದ ಹೊದಿಕೆ ಇಳಿಬಿಟ್ಟು ಅತ್ತೆ ಮಲಗಿಸಿದ್ದರು.

ಕೊನೆಗೂ ಮೀಟಿ ಜಾಯ್‌ಸ್ಟಿಕ್‌ನ ಬೆನ್ನು ತೆಗೆದೆ.

"ಅದೇನೇ ಅದು, ಗಬ್ಬದ ಕುರಿ ಥರ ಉಬ್ಕೊಂಡಿದೆ?" ಹಿಟ್ಟು ಲಟ್ಟಿಸುತ್ತ ಅತ್ತೆ ಕಾಲಿಪಾ ಕೇಳಿದರು.

"ಬ್ಯಾಟರಿ, ಅಪಾ. ಹಳೇದು." ಅತ್ತೆಯನ್ನು ನಾನು ಅಪಾ, ಅಂದರೆ ಅಮ್ಮ, ಎಂದೇ ಕರೆಯುತ್ತೇನೆ.

"ಬಿಸಾಕು. ಜೊತೆಗೆ ನಿನ್ನ ಗಂಡನ್ನೂ ಬಿಸಾಕು. ಮೂವತ್ತೈದು ತುಂಬಿದ್ರೂ ಆಟ ಮುಗೀಲಿಲ್ಲ."

"ಆಮೇಲೆ ಹುಡುಕ್ಕೊಂಡು ಹೋಗೋರು ನೀವೇ!"

ನಗುತ್ತಲೇ ಬೆಣ್ಣೆ ಸವರುವ ಚಾಕುವನ್ನು ಬ್ಯಾಟರಿಯ ಅಡಿಗೆ ತೂರಿಸಿ ಮೀಟಿದೆ. ತುದಿ ಮೆತ್ತಗಿನ ಏನೋ ಒಂದರೊಳಗೆ ಇಳಿಯಿತು.

ಸುಸ್ಸೆಂದಿತು. ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಮರುಕ್ಷಣವೇ ಬಿಳಿ ಹೊಗೆ ಚಿಮ್ಮಿತು, ಹೊಗೆಯ ನಡುವಿನಿಂದ ಬೆಂಕಿ.

ಕಿಟಕಿಯತ್ತ ಹಾರಿದೆ. ಚಿಲಕ ತಿರುಗಿತು, ಕಿಟಕಿ ತೆರೆಯಲಿಲ್ಲ. ಅಕ್ಟೋಬರ್‌ನಲ್ಲಿ ನಾನೂ ಅತ್ತೆಯೂ ಸೇರಿಯೇ ಸಂದಿಗಳಿಗೆ ಹತ್ತಿ ತುರುಕಿ, ಮೇಲೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಪಟ್ಟಿ ಅಂಟಿಸಿದ್ದೆವು, ಒಂದಿಷ್ಟೂ ಗಾಳಿ ನುಗ್ಗದ ಹಾಗೆ. ಉಗುರಿನಿಂದ ಕೆರೆದೆ. ಉಗುರು ಮುರಿಯಿತು.

ಅತ್ತೆ ದೊಡ್ಡ ಕಬ್ಬಿಣದ ಬಾಣಲೆಯನ್ನು ಬೆಂಕಿಯ ಮೇಲೆ ಮಗುಚಿದರು. ಅಂಚಿನಿಂದ ಹೊಗೆ ಉಕ್ಕುತ್ತಲೇ ಇತ್ತು. ಗಂಟಲಿಗೆ ಯಾರೋ ಉಗುರು ಹಾಕಿ ಗೀರಿದಂತಾಯಿತು. ನಾನು ತೊಟ್ಟಿಲ ಮುಂದೆ ಕುಕ್ಕರಿಸಿ ಪಟ್ಟಿಯ ಗಂಟಿಗೆ ಕೈ ಹಾಕಿದೆ. ಒಂದು ಬಿಚ್ಚಿತು. ಇನ್ನೊಂದು ಎಲ್ಲಿ? ಹೊಗೆಯಲ್ಲಿ ಕೈಗೇ ಸಿಗಲಿಲ್ಲ.

"ಬಿಚ್ಚಬೇಡ್ವೇ, ಹುಚ್ಚಿ! ತೊಟ್ಟಿಲ್ ಸಮೇತ ಎತ್ತು!"

ಇಬ್ಬರೂ ಒಂದೊಂದು ತುದಿ ಹಿಡಿದು ಎತ್ತಿದೆವು, ನಾನು ಮುಂದೆ. ಬಾಗಿಲಿಗೆ ಹೋಗಲು ಮೇಜು ದಾಟಬೇಕಿತ್ತು. ಬಾಣಲೆಯೊಳಗೆ ಮತ್ತೇನೋ ಢಬ್ಬೆಂದಿತು. ನನ್ನ ಕಾಲು ನಿಂತೇಹೋಯಿತು.

"ನಡಿ!" ಅತ್ತೆ ತೊಟ್ಟಿಲಿನಿಂದಲೇ ನನ್ನನ್ನು ತಳ್ಳಿದರು.

ಮೆಟ್ಟಿಲ ಬಳಿ ತೊಟ್ಟಿಲು ಇಳಿಸಿದೆವು. ಇಬ್ಬರೂ ಕೆಮ್ಮುತ್ತಿದ್ದೆವು. ಹೊದಿಕೆಯೊಳಗಿನಿಂದ ಸದ್ದೇ ಇಲ್ಲ.

"ನೋಡು," ಎಂದರು ಅತ್ತೆ.

"ನೀವೇ ನೋಡಿ, ಅಪಾ."

"ನನ್ ಕೈಲಿ ಆಗಲ್ಲ ಕಣೇ." ಕುರಿ ಕೊಯ್ಯುವಾಗಲೂ ಮುಖ ತಿರುಗಿಸದ ಹೆಂಗಸು ಗೋಡೆಗೆ ಮುಖ ಮಾಡಿ ನಿಂತರು.

ಹೊದಿಕೆ ಎತ್ತುವವರೆಗೆ ಅವನು ಬದುಕಿದ್ದಾನೆ ಎಂದುಕೊಂಡೆ. ಹಾಗೆ ಅಂದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಕೊನೆಗೆ ಎತ್ತಿದೆ.

ಎರ್ಲಾನ್ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ತುಟಿ ನಡುಗಿತು, ಮುಖ ಕೆಂಪಾಯಿತು. ಆಮೇಲೆ ನಾಲ್ಕೂ ಮಹಡಿಗೆ ಕೇಳುವಂತೆ ಚೀರಿದ.

"ಚೀರು, ನನ್ನಪ್ಪಾ," ಎಂದರು ಅತ್ತೆ, ಗೋಡೆಯ ಕಡೆಗೇ. "ನಿಲ್ಲಿಸ್ಬೇಡ."